ಆಶ್‌ವೆಲ್ ಚರ್ಚಿನ ಗೋಡೆ ಓದಿದ್ದು: ನನ್ನ ಅನುಭವ

ಇಂಗ್ಲೆಂಡಿನಲ್ಲಿದ್ದಾಗ ಹಳೇ ಚರ್ಚುಗಳ ಗೋಡೆ ಬರಹ ಓದುವ ಹುಚ್ಚು ಹತ್ತಿತ್ತು. ಅದರಲ್ಲಿ ನನ್ನನ್ನು ಜಾಸ್ತಿ ಹಿಡಿದಿಟ್ಟಿದ್ದು ಹರ್ಟ್‌ಫರ್ಡ್‌ಶೈರಿನ ಆಶ್‌ವೆಲ್ ಎಂಬ ಹಳ್ಳಿಯ ಸೇಂಟ್ ಮೇರಿ ಚರ್ಚು. 14ನೇ ಶತಮಾನದ್ದು. ಗೋಪುರದ ಎತ್ತರ 176 ಅಡಿ. ರೈಲಿಳಿದು ಸುಮಾರು ಎರಡು ಮೈಲಿ ನಡೆಯಬೇಕು.

ಬರಹ ಇರೋದು ಗೋಪುರದ ಒಳಗೆ, ಉತ್ತರದ ಗೋಡೆ ಮೇಲೆ. ಮೊದಲ ಸಲ ಟಾರ್ಚನ್ನು ನೇರವಾಗಿ ಬಿಟ್ಟೆ. ಬಿಳಿ ಗೋಡೆ, ಒಂದಷ್ಟು ಗೀರು, ಅಷ್ಟೇ. ಅಲ್ಲಿ ಹೂವು ಜೋಡಿಸುತ್ತಿದ್ದ ಅಜ್ಜಿಯೊಬ್ಬರು ಬಂದು, ಬೆಳಕು ಗೋಡೆಯನ್ನು ಸವರಿಕೊಂಡು ಹೋಗುವ ಹಾಗೆ ಪಕ್ಕದಿಂದ ಹಿಡಿಯಲು ಹೇಳಿದರು. ಹಿಡಿದೆ. ಪ್ರತಿ ಗೀರಿನ ಒಂದು ಅಂಚಿಗೆ ನೆರಳು ಬಿತ್ತು, ಲ್ಯಾಟಿನ್ ಅಕ್ಷರಗಳು ಒಂದೊಂದಾಗಿ ಎದ್ದು ಬಂದವು. ಅಲ್ಲಿನ ಕಲ್ಲು ಸೀಮೆಸುಣ್ಣದ ಜಾತಿಯದು, ಕ್ಲಂಚ್ ಅಂತಾರೆ. ಮೊಳೆ ತುದಿಯಲ್ಲೂ ಗೀಚಬಹುದು, ಅಷ್ಟು ಮೆತ್ತಗೆ. ಅದಕ್ಕೇ ದಯವಿಟ್ಟು ಕಾಗದ ಇಟ್ಟು ಪೆನ್ಸಿಲ್ ಉಜ್ಜಬೇಡಿ, ಬೆರಳೂ ತಾಗಿಸಬೇಡಿ. ಫೋಟೋ ತೆಗೆಯಿರಿ, ನೋಡಿಕೊಂಡು ಬರೆದುಕೊಳ್ಳಿ.

ಆ ಬರಹ ಒಂದು ಪದ್ಯ, ವರ್ಷವನ್ನು ಅದರಲ್ಲೇ ಅಡಗಿಸಿದ್ದಾರೆ. ರೋಮನ್ ಎಂ ಅಂದರೆ ಸಾವಿರ, ಆಮೇಲೆ ಸಿ ಮೂರು ಸಲ, ಎಕ್ಸ್ ಐದು ಸಲ. ಕೂಡಿದರೆ 1350. ಪ್ಲೇಗು, ಅಂದರೆ ಕರಿ ಸಾವು, ಊರೂರನ್ನೇ ಬರಿದು ಮಾಡಿದ ಕಾಲ. ಗೀಚಿದವನು ಅದನ್ನು ದಾರುಣ, ಉಗ್ರ, ಕ್ರೂರ ಅಂತ ಬರೆದು, ಸಾಕ್ಷಿ ಹೇಳೋಕೆ ಉಳಿದವರು ಅತಿ ಕೆಟ್ಟ ಜನ ಮಾತ್ರ ಅಂತ ಸೇರಿಸಿದ್ದಾನೆ. ಉಳಿದವರಲ್ಲಿ ಅವನೂ ಒಬ್ಬ, ಅಲ್ವಾ. ಆ ಸಾಲು ಓದಿ ಟಾರ್ಚ್ ಆರಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ನಾನು ಎಡವಿದ್ದು ಕೊನೆಯ ಸಾಲಿನಲ್ಲಿ. ಭಾರೀ ಗಾಳಿ ಬೀಸಿತು, ಮೌರಸ್ ಗುಡುಗಿದ, 1361 ಅಂತ ಇದೆ. ಸಂತ ಮೌರಸ್ ಹಬ್ಬ ಜನವರಿ 15. ಹಾಗಾಗಿ 1361ರ ಜನವರಿ 15 ಅಂತ ಬರೆದುಕೊಂಡು ಬಂದೆ. ಮನೆಗೆ ಬಂದು ನೋಡಿದರೆ ನಾರ್ವಿಚ್ ಊರಿನ ಕತೀಡ್ರಲ್ಲಿನ, ಅಂದರೆ ಅಲ್ಲಿನ ಮುಖ್ಯ ಚರ್ಚಿನ, ಶಿಖರವನ್ನೂ ಉರುಳಿಸಿದ ಆ ಬಿರುಗಾಳಿಗೆ ಈಗಿನ ಪುಸ್ತಕಗಳು 1362 ಅನ್ನುತ್ತವೆ. ಗೋಡೆ ಸುಳ್ಳಾ, ಪುಸ್ತಕ ಸುಳ್ಳಾ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಎರಡೂ ಸರಿ! ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ನಮ್ಮಲ್ಲಿ ಯುಗಾದಿ ಬರೋ ತನಕ ಹಳೇ ಸಂವತ್ಸರವೇ ನಡೆಯುತ್ತಲ್ಲ, ಹಾಗೆ. ಅವರ 1361ರ ಜನವರಿ ನಮ್ಮ ಲೆಕ್ಕಕ್ಕೆ 1362. ಈಗ ಯಾವ ಚರ್ಚಿನಲ್ಲೇ ಆಗಲಿ, ಜನವರಿಯಿಂದ ಮಾರ್ಚ್ 24ರ ಒಳಗಿನ ಆ ಕಾಲದ ತಾರೀಖು ಸಿಕ್ಕರೆ ಎರಡೂ ವರ್ಷ ಬರೆದುಕೊಳ್ಳುತ್ತೇನೆ.

ಅದೇ ಗೋಡೆಯಲ್ಲಿ ದೊಡ್ಡ ಕತೀಡ್ರಲ್ಲಿನ ಚಿತ್ರವೂ ಇದೆ. 1666ರ ಬೆಂಕಿಯಲ್ಲಿ ಹಾಳಾದ ಲಂಡನ್ನಿನ ಹಳೇ ಸೇಂಟ್ ಪಾಲ್ಸ್ ಅಂತ ಹೇಳುತ್ತಾರೆ. ಅದನ್ನು ನಕಲು ಮಾಡೋಕೇ ಇನ್ನೊಂದು ದಿನ ಹೋದೆ. ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಪೆನ್ಸಿಲ್. ಶಿಖರದ ತುದಿ ಮುಟ್ಟೋ ಹೊತ್ತಿಗೆ ಚರ್ಚಿಗೆ ಬೀಗ ಹಾಕೋ ಸಮಯವಾಗಿತ್ತು.