ಬೇಟೆಯ ರೈಫಲ್‌ನೊಡನೆ ಗಡಿ ದಾಟುವುದು ಹೇಗೆ?

ಬೇಟೆಗೆಂದು ವಾಹನದಲ್ಲಿ ರೈಫಲ್ ಇಟ್ಟುಕೊಂಡು ಪಕ್ಕದ ದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ಒಂದೇ ಗಡಿಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಕಾನೂನಿನ ಲೆಕ್ಕದಲ್ಲಿ ಆ ಪ್ರಯಾಣಕ್ಕೆ ಮೂರು ಹೊಸ್ತಿಲುಗಳಿವೆ: ರೈಫಲ್ ಸ್ವಂತ ದೇಶದಿಂದ ಹೊರಹೋಗುವುದು ರಫ್ತು, ಪರದೇಶದೊಳಗೆ ಕಾಲಿಡುವುದು ಆಮದು, ಅದೇ ರೈಫಲ್ ಮನೆಗೆ ಹಿಂತಿರುಗುವುದು ಮತ್ತೊಮ್ಮೆ ಆಮದು. ನಡುವಿನ ಹೊಸ್ತಿಲಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಮೊದಲನೆಯದು ಮತ್ತು ಕೊನೆಯದು ನೆನಪಾಗುವುದು ಅಧಿಕಾರಿಯೊಬ್ಬರು ಕಾಗದ ಕೇಳಿದಾಗಲೇ. ಆದ್ದರಿಂದ ತಯಾರಿಯನ್ನು ಹೊರಡುವ ವಾರದಲ್ಲಲ್ಲ, ಎರಡು ಮೂರು ತಿಂಗಳ ಮೊದಲೇ ಆರಂಭಿಸಬೇಕು.

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ

ಅರ್ಜಿ ತುಂಬುವ ಮೊದಲು, ಈ ಆಯುಧ ಆ ದೇಶದೊಳಗೆ ಹೋಗಬಹುದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಕೆನಡಾದ ಕಾನೂನು ಬಂದೂಕುಗಳನ್ನು ನಿರ್ಬಂಧವಿಲ್ಲದವು, ನಿರ್ಬಂಧಿತ ಮತ್ತು ನಿಷೇಧಿತ ಎಂದು ಮೂರು ವರ್ಗಗಳಾಗಿ ವಿಂಗಡಿಸಿದೆ. ಬೇಟೆಗೆ ಬಳಸುವ, ಪ್ರತಿ ಗುಂಡಿಗೂ ಹಿಡಿಯನ್ನು ಕೈಯಿಂದ ಎಳೆಯಬೇಕಾದ ಸಾಧಾರಣ ಬೋಲ್ಟ್ ರೈಫಲ್‌ಗಳು ಮೊದಲ ವರ್ಗಕ್ಕೆ ಸೇರುತ್ತವೆ. ಆದರೆ 2020ರ ಮೇ ತಿಂಗಳಲ್ಲಿ ಆ ದೇಶ ಸುಮಾರು 1,500 ಮಾದರಿಯ ಬಂದೂಕುಗಳನ್ನು ಒಮ್ಮೆಲೇ ನಿಷೇಧಿತ ಪಟ್ಟಿಗೆ ಸೇರಿಸಿತು, ಅನಂತರ ಪಟ್ಟಿ ಇನ್ನಷ್ಟು ಬೆಳೆದಿದೆ. ಹಾಗಾಗಿ ಹಿಂದೊಮ್ಮೆ ಸಲೀಸಾಗಿ ಒಯ್ದಿದ್ದ ಅರೆಸ್ವಯಂಚಾಲಿತ (ಒಂದು ಗುಂಡು ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್ ಈಗ ಗಡಿಯಲ್ಲಿ ಅಪರಾಧದ ವಸ್ತುವಾಗಿರಬಹುದು.

ಬಿಡಿಭಾಗಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಸದ್ದಡಗಿಸುವ ಸೈಲೆನ್ಸರ್ ನಾರ್ವೆಯ ಬೇಟೆಗಾರರಿಗೆ ದಿನಬಳಕೆಯ ಉಪಕರಣ, ಕೆನಡಾದಲ್ಲಿ ಅದೇ ನಿಷೇಧಿತ ಸಾಧನ. ಕೆನಡಾದಲ್ಲಿ ಸೆಂಟರ್‌ಫೈರ್ (ತೋಟಾದ ತಳದ ನಡುಭಾಗಕ್ಕೆ ಪೆಟ್ಟು ಬಿದ್ದು ಸಿಡಿಯುವ ಬಗೆಯ) ಅರೆಸ್ವಯಂಚಾಲಿತ ರೈಫಲ್‌ಗಳ ಮ್ಯಾಗಜಿನ್, ಅಂದರೆ ಗುಂಡು ತುಂಬುವ ಡಬ್ಬಿ, ಸಾಮಾನ್ಯವಾಗಿ ಐದು ಗುಂಡುಗಳನ್ನು ಮೀರುವಂತಿಲ್ಲ. ಶಾಖವನ್ನು ಗ್ರಹಿಸುವ ಥರ್ಮಲ್ ದುರ್ಬೀನನ್ನು ಅಮೆರಿಕದಿಂದ ಹೊರಗೊಯ್ಯುವುದು ರಫ್ತು ನಿಯಂತ್ರಣದ ಅಡಿ ಬರುತ್ತದೆ. ರೈಫಲ್‌ಗೆ ಅನುಮತಿ ಇದ್ದ ಮಾತ್ರಕ್ಕೆ ಅದರ ಮೇಲಿನ ದುರ್ಬೀನಿಗೂ ಅನುಮತಿ ಇದೆ ಎಂದುಕೊಳ್ಳಬಾರದು. ಮದ್ದುಗುಂಡಿನ ಲೋಹವನ್ನೂ ನೋಡಬೇಕಾದ ಕಾಲ ಬಂದಿದೆ. ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆಯ ರೈಫಲ್‌ಗಳಲ್ಲಿಯೂ ಸೀಸದ ಗುಂಡುಗಳನ್ನು ನಿಷೇಧಿಸಿದೆ.

ಎರಡನೆಯ ಪ್ರಶ್ನೆ ಆಯುಧದ್ದಲ್ಲ, ಒಯ್ಯುವವರದ್ದು. ಹಳೆಯದೊಂದು ಕುಡಿದು ವಾಹನ ಓಡಿಸಿದ ಪ್ರಕರಣವೂ ಕೆನಡಾ ಪ್ರವೇಶಕ್ಕೆ ಅಡ್ಡಿಯಾಗಬಹುದು. ಅಮೆರಿಕದಲ್ಲಿ ತಾತ್ಕಾಲಿಕ ವೀಸಾದ ಮೇಲೆ ಇರುವವರು ಬಂದೂಕು ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಕಾನೂನುಬಾಹಿರ. ಅಲ್ಲಿನ ಯಾವುದಾದರೊಂದು ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಈ ನಿಷೇಧಕ್ಕಿರುವ ವಿನಾಯಿತಿಗಳಲ್ಲಿ ಒಂದು.

ಕಾಗದಪತ್ರಗಳು

ದೇಶದಿಂದ ದೇಶಕ್ಕೆ ಕಾಗದದ ಹೆಸರು ಬದಲಾದರೂ ಅದು ಕೇಳುವ ವಿವರ ಹೆಚ್ಚುಕಡಿಮೆ ಒಂದೇ: ತಯಾರಕರ ಹೆಸರು, ಮಾದರಿ, ಕ್ಯಾಲಿಬರ್ (ನಳಿಗೆಯ ಒಳವ್ಯಾಸ), ನಳಿಗೆಯ ಉದ್ದ, ಕ್ರಮಸಂಖ್ಯೆ, ಒಯ್ಯುವ ಉದ್ದೇಶ. ಕ್ರಮಸಂಖ್ಯೆಯನ್ನು ಹಳೆಯ ರಸೀತಿಯಿಂದ ನಕಲು ಮಾಡದೆ, ರೈಫಲ್ಲನ್ನೇ ಬೆಳಕಿಗೆ ಹಿಡಿದು, ಲೋಹದ ಮೇಲೆ ಕೆತ್ತಿದ್ದನ್ನು ಓದಿ ಬರೆದುಕೊಳ್ಳಿ. ಸೊನ್ನೆಯನ್ನು ಇಂಗ್ಲಿಷ್ ‘ಓ’ ಎಂದು ಬರೆದ ಅರ್ಜಿಯೂ ತಪ್ಪು ಅರ್ಜಿಯೇ.

ಕೆನಡಾಕ್ಕೆ ಹೊರಗಿನವರು ಒಯ್ಯುವಾಗ ಅನಿವಾಸಿಗಳ ಬಂದೂಕು ಘೋಷಣೆ ಎಂಬ ನಮೂನೆಯನ್ನು ಮನೆಯಲ್ಲೇ ತುಂಬಿಟ್ಟುಕೊಳ್ಳಬೇಕು, ಆದರೆ ಸಹಿ ಮಾತ್ರ ಹಾಕಬಾರದು. ಗಡಿಯ ಅಧಿಕಾರಿಯ ಎದುರೇ ಅದಕ್ಕೆ ಸಹಿ ಬೀಳಬೇಕು. 25 ಕೆನಡಾ ಡಾಲರ್ ಶುಲ್ಕ ಪಾವತಿಸಿ ದೃಢೀಕರಣ ಪಡೆದ ಮೇಲೆ ಅದೇ ಕಾಗದ 60 ದಿನಗಳ ತಾತ್ಕಾಲಿಕ ಪರವಾನಗಿಯಾಗುತ್ತದೆ. ಮೂರಕ್ಕಿಂತ ಹೆಚ್ಚು ಬಂದೂಕುಗಳಿದ್ದರೆ ಹೆಚ್ಚುವರಿ ಹಾಳೆ ಬೇಕು.

ಎದುರು ದಿಕ್ಕಿನ ಪ್ರಯಾಣ, ಅಂದರೆ ವಿದೇಶಿಯರು ರೈಫಲ್‌ನೊಂದಿಗೆ ಅಮೆರಿಕಕ್ಕೆ ಹೋಗುವುದು, ಇಷ್ಟು ಸರಳವಲ್ಲ. ಅಲ್ಲಿನ ಫೆಡರಲ್ ಆಯುಧ ಇಲಾಖೆಯಾದ ಎಟಿಎಫ್‌ನಿಂದ ‘ಫಾರ್ಮ್ 6 ಎನ್‌ಐಎ’ ಎಂಬ ಆಮದು ಅನುಮತಿಯನ್ನು ಮುಂಚಿತವಾಗಿಯೇ ಪಡೆದಿರಬೇಕು, ಜೊತೆಗೆ ಬೇಟೆ ಪರವಾನಗಿಯಂಥ ಆಧಾರವೂ ಬೇಕು. ಮಂಜೂರಾತಿಗೆ ವಾರಗಳೇ ಹಿಡಿಯುವುದರಿಂದ ಗಡಿಯಲ್ಲಿ ನಿಂತು ಪಡೆಯಬಹುದಾದ ಕಾಗದ ಇದಲ್ಲ.

ಐರೋಪ್ಯ ಒಕ್ಕೂಟದೊಳಗೆ ಸಂಚರಿಸುವ ಬೇಟೆಗಾರರಿಗೆ 1991ರ ನಿರ್ದೇಶನದ ಮೂಲಕ ಬಂದ ಐರೋಪ್ಯ ಬಂದೂಕು ಪಾಸ್ ಇದೆ. ಸ್ವಂತ ದೇಶದ ಅಧಿಕಾರಿಗಳು ಕೊಡುವ ಇದರ ಅವಧಿ ಗರಿಷ್ಠ ಐದು ವರ್ಷ, ನವೀಕರಿಸಲು ಅವಕಾಶವಿದೆ. ಪಾಸಿನಲ್ಲಿ ರೈಫಲ್ ನಮೂದಾಗಿದ್ದು, ಬೇಟೆಯ ಆಹ್ವಾನಪತ್ರದಂತಹ ಕಾರಣ ತೋರಿಸಬಲ್ಲವರಾದರೆ ಬೇಟೆಗಾರರು ಅನೇಕ ಸಂದರ್ಭಗಳಲ್ಲಿ ಪ್ರತ್ಯೇಕ ಪೂರ್ವಾನುಮತಿ ಇಲ್ಲದೆ ಹೋಗಬಹುದು. ಹಾಗಿದ್ದರೂ ಯಾವುದೇ ಸದಸ್ಯ ದೇಶ ಒಂದು ಬಗೆಯ ಆಯುಧವನ್ನು ನಿಷೇಧಿಸಿದ್ದರೆ ಅಥವಾ ಅದಕ್ಕೆ ಅನುಮತಿ ಕಡ್ಡಾಯ ಮಾಡಿದ್ದರೆ ಪಾಸ್ ಅದನ್ನು ಮೀರಿಸುವುದಿಲ್ಲ. ಪರಸ್ಪರ ಗಡಿ ತಪಾಸಣೆಯನ್ನು ಕೈಬಿಟ್ಟ ಐರೋಪ್ಯ ದೇಶಗಳ ಷೆಂಗೆನ್ ಪ್ರದೇಶದಲ್ಲಿ ಗಡಿಯ ಕಟ್ಟೆಗಳು ಹಲವೆಡೆ ಖಾಲಿ ಬಿದ್ದಿರುತ್ತವೆ, ತಡೆಯುವವರು ಯಾರೂ ಇರುವುದಿಲ್ಲ. ಅಲ್ಲಿ ಮೈಮರೆಯುವುದು ಸುಲಭ, ಆದರೆ ತಪಾಸಣೆ ಇಲ್ಲದಿದ್ದರೂ ನಿಯಮ ಹಾಗೆಯೇ ಇದೆ. ಬ್ರಿಟನ್‌ಗೆ ಹೋಗುವವರ ಪರವಾಗಿ ಅಲ್ಲಿಯೇ ವಾಸಿಸುವ ಪ್ರಾಯೋಜಕರೊಬ್ಬರು ಪೊಲೀಸರಲ್ಲಿ ಸಂದರ್ಶಕರ ಪರ್ಮಿಟ್‌ಗೆ ಅರ್ಜಿ ಹಾಕಬೇಕಾಗುತ್ತದೆ.

ನೆರೆಯ ದೇಶದಿಂದ ದಕ್ಷಿಣ ಆಫ್ರಿಕಾಕ್ಕೆ ರಸ್ತೆಯಲ್ಲಿ ಹೋಗುವವರೂ ಅಲ್ಲಿನ ಪೊಲೀಸರ ‘ಎಸ್‌ಎಪಿಎಸ್ 520’ ನಮೂನೆಯನ್ನು ಕಪ್ಪು ಶಾಯಿಯಲ್ಲಿ ತುಂಬಿ, ಅಧಿಕಾರಿಯ ಮುಂದೆ ಸಹಿ ಹಾಕಬೇಕು. ನೀಲಿ ಶಾಯಿಯ ಪೆನ್ನು ಹಿಡಿದು ಹೋದರೆ ಮತ್ತೊಮ್ಮೆ ಬರೆಯುವ ಕೆಲಸ ಗ್ಯಾರಂಟಿ.

ವಾಹನದಲ್ಲಿ ಇಡುವ ಬಗೆ

ಒಂದೊಂದು ದೇಶಕ್ಕೆ ಒಂದೊಂದು ರೀತಿ ಕಟ್ಟಿ ಬಿಚ್ಚುವ ಬದಲು, ದಾರಿಯಲ್ಲಿ ಬರುವ ಎಲ್ಲ ಸೀಮೆಗಳ ಪೈಕಿ ಅತ್ಯಂತ ಬಿಗಿಯಾದ ನಿಯಮಕ್ಕೆ ತಕ್ಕಂತೆ ಮನೆಯಲ್ಲೇ ಕಟ್ಟಿಬಿಡುವುದು ಲೇಸು. ರೈಫಲ್‌ನ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ಗುಂಡಿನ ಕೋಣೆ ಖಾಲಿ ಇದೆಯೇ ಎಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಬೋಲ್ಟನ್ನು ಕಳಚಿ ಬೇರೆಯಾಗಿಡುವುದನ್ನು ಎಲ್ಲ ದೇಶಗಳೂ ಕೇಳುವುದಿಲ್ಲವಾದರೂ ನೋಡುವ ಅಧಿಕಾರಿಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇರೊಂದಿಲ್ಲ. ಟ್ರಿಗರ್ ಲಾಕ್ ಹಾಕಿದ ರೈಫಲ್ಲನ್ನು ಒಳಗಿನದು ಕಾಣದಂತಹ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಡಿಕ್ಕಿಯಲ್ಲಿ ಇಡಬೇಕು. ಮದ್ದುಗುಂಡುಗಳು ಕಾರ್ಖಾನೆಯ ಮೂಲ ಡಬ್ಬಿಯಲ್ಲೇ, ಬೀಗವಿರುವ ಬೇರೊಂದು ಪೆಟ್ಟಿಗೆಯಲ್ಲಿರಲಿ.

ಡಿಕ್ಕಿಯೇ ಇಲ್ಲದ ಜೀಪು, ವ್ಯಾನುಗಳ ಬಗ್ಗೆ ಅಮೆರಿಕದ 1986ರ ಬಂದೂಕು ಮಾಲೀಕರ ರಕ್ಷಣಾ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ರೈಫಲ್ ಮತ್ತು ಗುಂಡುಗಳು ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಡ್ಯಾಶ್‌ಬೋರ್ಡಿನ ಗೂಡು ಅಥವಾ ಸೀಟುಗಳ ನಡುವಿನ ಡಬ್ಬಿ ಅಂತಹ ಪೆಟ್ಟಿಗೆ ಎನಿಸಿಕೊಳ್ಳುವುದಿಲ್ಲ. ಹೊರಟ ಜಾಗದಲ್ಲೂ ತಲಪುವ ಜಾಗದಲ್ಲೂ ಬಂದೂಕು ಕಾನೂನುಬದ್ಧವಾಗಿದ್ದರೆ ನಡುವಿನ ಬಿಗಿ ಕಾನೂನಿನ ರಾಜ್ಯವನ್ನು ಹಾದುಹೋಗಲು ಈ ಕಾಯ್ದೆ ರಕ್ಷಣೆ ಕೊಡುತ್ತದೆ. ಹಾದುಹೋಗುವುದಕ್ಕೆ ಇರುವ ರಕ್ಷಣೆಯನ್ನು ನೆಂಟರ ಮನೆಯಲ್ಲಿ ನಾಲ್ಕು ದಿನ ತಂಗುವುದಕ್ಕೆ ಹಿಗ್ಗಿಸಲಾಗದು. ವಾಹನವನ್ನು ಬಿಟ್ಟು ಹೋಗುವಾಗ ಕೆನಡಾದಲ್ಲಿ ಬಂದೂಕು ಬೀಗ ಹಾಕಿದ ಡಿಕ್ಕಿಯಲ್ಲಿರಬೇಕು, ಅದಿಲ್ಲದಿದ್ದರೆ ಕಣ್ಣಿಗೆ ಬೀಳದಂತೆ ಇಟ್ಟು ವಾಹನಕ್ಕೆ ಬೀಗ ಹಾಕಬೇಕು.

ಗಡಿಯ ಕಟ್ಟೆಯಲ್ಲಿ

ಅಧಿಕಾರಿ ಕೇಳುವ ತನಕ ಕಾಯಬೇಡಿ. ಪಾಸ್‌ಪೋರ್ಟ್ ಕೊಡುವಾಗಲೇ, ಕೈಗಳು ಸ್ಟೇರಿಂಗ್ ಬಳಿ ಕಾಣುವಂತಿರಲಿ, “ಗುಂಡು ತುಂಬಿಲ್ಲದ ಬೇಟೆಯ ರೈಫಲ್ ಒಂದು ಡಿಕ್ಕಿಯಲ್ಲಿದೆ, ಕಾಗದ ಇಲ್ಲಿದೆ” ಎಂದು ತಿಳಿಸಿ. ತೋರಿಸುವ ಉತ್ಸಾಹದಲ್ಲಿ ಇಳಿದು ಪೆಟ್ಟಿಗೆ ತೆರೆಯಬಾರದು. ತೆರೆ ಎಂದಾಗ, ಅವರು ಹೇಳಿದ ಜಾಗದಲ್ಲಿ ಮಾತ್ರ ತೆರೆಯಬೇಕು. ಕಾಗದಗಳು, ಬೇಟೆ ಪರವಾನಗಿ, ಆಹ್ವಾನಪತ್ರ ಎಲ್ಲವೂ ಒಂದೇ ಕಡತದಲ್ಲಿ ಚಾಲಕರ ಕೈಗೆಟುಕುವಂತಿರಲಿ, ರೈಫಲ್ ಪೆಟ್ಟಿಗೆಯೊಳಗೆ ಬೇಡ.

ದಾರಿ ತಪ್ಪಿ ಗಡಿ ದಾಟಿದವರಿಗೆ ಈ ಸೌಜನ್ಯ ಕೆಲಸಕ್ಕೆ ಬರುವುದು ಕಡಿಮೆ. 2014ರ ಮಾರ್ಚ್‌ನಲ್ಲಿ ಅಮೆರಿಕದ ಮಾಜಿ ಸೈನಿಕರೊಬ್ಬರು ಸ್ಯಾನ್ ಡಿಯಾಗೋ ಬಳಿ ತಿರುವು ತಪ್ಪಿ, ಮೂರು ಬಂದೂಕುಗಳಿದ್ದ ತಮ್ಮ ವಾಹನದೊಡನೆ ಮೆಕ್ಸಿಕೊದ ಟಿಹುವಾನಾ ಕಡೆಗೆ ಹೋಗಿಬಿಟ್ಟರು. ಬೇಕೆಂದು ಬಂದದ್ದಲ್ಲ ಎಂದು ವಾದಿಸಿದರೂ ಅವರು ಬಿಡುಗಡೆಯಾದದ್ದು ಏಳು ತಿಂಗಳ ನಂತರ. ಗಡಿಯ ಸಮೀಪದ ಊರುಗಳಲ್ಲಿ ಬಂದೂಕಿನೊಡನೆ ಓಡಾಡುವವರು ಕೊನೆಯ ತಿರುವು ಎಲ್ಲಿದೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ನೋಡಿಟ್ಟುಕೊಳ್ಳಬೇಕು.

ಮರಳುವಾಗ

ಮೂರನೆಯ ಹೊಸ್ತಿಲಿನ ಕಾಗದವನ್ನು ಮೊದಲನೆಯದನ್ನು ದಾಟುವ ಮುನ್ನವೇ ಮಾಡಿಸಿಟ್ಟುಕೊಳ್ಳಬೇಕು ಎಂಬುದು ಈ ಇಡೀ ವ್ಯವಹಾರದ ವಿಚಿತ್ರ. ಅಮೆರಿಕದ ನಿವಾಸಿಗಳು ಹೊರಡುವ ಮೊದಲೇ ರೈಫಲ್ಲನ್ನು ಕಸ್ಟಮ್ಸ್ ಕಚೇರಿಗೆ ಒಯ್ದು ‘ಫಾರ್ಮ್ 4457’ರಲ್ಲಿ ನೋಂದಾಯಿಸಿಕೊಂಡರೆ, ಹಿಂತಿರುಗುವಾಗ ಅದು ಪರದೇಶದಲ್ಲಿ ಕೊಂಡದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಅಧಿಕಾರಿ ಕ್ರಮಸಂಖ್ಯೆಯನ್ನು ಹೋಲಿಸಿ ನೋಡಿ ಮುದ್ರೆ ಒತ್ತುತ್ತಾರೆ. ಅಮೆರಿಕದಲ್ಲಿ ಒಕ್ಕೂಟ ಮಟ್ಟದ ಬಂದೂಕು ಪರವಾನಗಿ ಇಲ್ಲದ ಕಾರಣ ದಕ್ಷಿಣ ಆಫ್ರಿಕಾದಂತಹ ಕಡೆ ಇದನ್ನೇ ಮಾಲೀಕತ್ವದ ದಾಖಲೆಯಾಗಿ ತೋರಿಸುವುದೂ ಉಂಟು. ಬೇಟೆಯ ಮಾಂಸ, ಕೊಂಬು, ಚರ್ಮಗಳಿಗೆ ಬೇರೆಯೇ ಕಾಗದಗಳು ಬೇಕಾಗುತ್ತವೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಯಾದರೆ ಪರ್ಮಿಟ್ ಇಲ್ಲದೆ ಅವು ಗಡಿ ದಾಟಲಾರವು.

ಮನೆ ಸೇರಿದ ಮೇಲೆ ರೈಫಲ್ ಕಪಾಟಿಗೆ ಸೇರುತ್ತದೆ, ವಾಹನ ಮಾತ್ರ ಮುಂದಿನ ಪ್ರಯಾಣಕ್ಕೆ ಹೊರಡುತ್ತದೆ. ಅದಕ್ಕೆ ಮುನ್ನ ಸೀಟಿನ ಸಂದು, ಬಾಗಿಲಿನ ಜೇಬು, ಬೇಟೆಯ ಕೋಟಿನ ಕಿಸೆಗಳನ್ನು ತಡಕಿ ನೋಡಿ. ಅನುಮತಿಯಿಲ್ಲದೆ ಒಂದೇ ಒಂದು ತೋಟಾ ಸಿಕ್ಕಿದರೂ ಮೆಕ್ಸಿಕೊದಲ್ಲಿ ಬಂಧನಕ್ಕೆ ಅಷ್ಟೇ ಸಾಕು.