ಬೈಂಡಿಂಗ್ ಬಿಟ್ಟು ಬಿಡಿ ಹಾಳೆ ಹಿಡಿದೆ: ನನ್ನ ಅನುಭವ

2024ರ ಜುಲೈ 21, ಭಾನುವಾರ, ಗುರುಪೂರ್ಣಿಮೆ. ಹಿಂದಿನ ದಿನವಷ್ಟೇ ಪ್ರೆಸ್ಸಿನಿಂದ ಸಾವಿರ ಪುಸ್ತಿಕೆ ಬಂದಿದ್ದವು. ಇಪ್ಪತ್ತೆಂಟು ಪುಟ, ಹೊಳೆಯುವ ರಕ್ಷಾಪುಟ, ಅದರ ಮೇಲೆ ಒಂದು ಕಡೆ ಬೈಡನ್, ಇನ್ನೊಂದು ಕಡೆ ಟ್ರಂಪ್. ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಅಭ್ಯರ್ಥಿಗಳ ಹಿನ್ನೆಲೆ, ನಿಲುವು ಎಲ್ಲ ಅದರಲ್ಲಿತ್ತು. ಹಬ್ಬದ ದಿನ ಒಳ್ಳೆಯದೆಂದು ಅವತ್ತೇ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಿಗೆ ಹಾಕಿದೆ. ಸಂಜೆಯೊಳಗೆ ಇನ್ನೂರ ಎಂಬತ್ತು ಹೋಗಿದ್ದವು. ರಾತ್ರಿ ಹನ್ನೊಂದೂಕಾಲರ ಮೇಲೆ ಫೋನ್ ನೋಡಿದರೆ ಬೈಡನ್ ಕಣದಿಂದ ಹಿಂದೆ ಸರಿದಿದ್ದರು.

ಇಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗಾಗಿ ಪ್ರಚಲಿತ ವಿದ್ಯಮಾನದ ನೋಟ್ಸ್ ಮಾಡುವ ನಮ್ಮಂಥವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪುಸ್ತಿಕೆಯೊಂದಕ್ಕೆ ಹದಿನೇಳು ರೂಪಾಯಿ ಬಿದ್ದಿತ್ತು. ಮುಖಬೆಲೆ ನಲವತ್ತು, ಅದರಲ್ಲಿ ಅಂಗಡಿಯವರಿಗೆ ಹತ್ತು. ಉಳಿದ ಏಳುನೂರ ಚಿಲ್ಲರೆ ಪುಸ್ತಿಕೆಗಳನ್ನು ತಿಂಗಳಾದ ಮೇಲೆ ಗುಜರಿಗೆ ತೂಗಿಸಿದೆ. ಮೂವತ್ತು ಕೆಜಿ ಆಯಿತು, ಮುನ್ನೂರ ತೊಂಬತ್ತು ರೂಪಾಯಿ ಕೈಗೆ ಬಂತು. ಒಟ್ಟು ಎಂಟು ಸಾವಿರದ ಮೇಲೆ ಕೈ ಕಚ್ಚಿತು. ಜೂನ್ 27ರಂದು ಟ್ರಂಪ್ ಎದುರಿನ ಟಿವಿ ಚರ್ಚೆಯಲ್ಲಿ ಬೈಡನ್ ತಡವರಿಸಿದ ಮೇಲೆ ಗೆಳೆಯರೊಬ್ಬರು "ಸ್ವಲ್ಪ ತಡೆದು ಹಾಕ್ಸಿ" ಅಂದಿದ್ದರು. ಟ್ರಂಪ್ ಜೊತೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೆ.ಡಿ. ವ್ಯಾನ್ಸ್ ಹೆಸರು ಜುಲೈ 15ಕ್ಕೆ ಬರುವವರೆಗೆ ಕಾದಿದ್ದೆ. ಅಷ್ಟು ಕಾದವನು ಇನ್ನೊಂದು ವಾರ ಕಾಯಬೇಕಿತ್ತು.

ಸೋಮವಾರ ಬೆಳಿಗ್ಗೆ ಪುಸ್ತಿಕೆ ಕೊಂಡ ಹುಡುಗರು ಬಾಗಿಲಿಗೇ ಬಂದರು. ಅವರಲ್ಲಿ ಹೆಚ್ಚಿನವರು ಮಧುಗಿರಿ, ಶಿರಾ, ಗುಬ್ಬಿ ಕಡೆಯಿಂದ ಬಂದು ರೂಮು ಮಾಡಿಕೊಂಡು ಓದುವವರು. ನಲವತ್ತು ರೂಪಾಯಿ ಅಂದರೆ ಅವರಿಗೆ ಒಂದು ಹೊತ್ತಿನ ಊಟ. ದುಡ್ಡು ವಾಪಸ್ ಕೊಡುವ ಸ್ಥಿತಿ ನನಗಿರಲಿಲ್ಲ. ಅವತ್ತು ಮಧ್ಯಾಹ್ನವೇ, ಬೈಡನ್ ತಮ್ಮ ಜಾಗಕ್ಕೆ ಸೂಚಿಸಿದ್ದ ಕಮಲಾ ಹ್ಯಾರಿಸ್ ಮೇಲೆ ಒಂದು ಎ4 ಹಾಳೆ, ಎರಡೂ ಬದಿ, ಟೈಪ್ ಮಾಡಿ ಮುನ್ನೂರು ಜೆರಾಕ್ಸ್ ಹೊಡೆಸಿ ಪುಕ್ಕಟೆ ಹಂಚಿದೆ. ಒಂದು ವಾರ ಕಳೆದಾಗ ಪುಸ್ತಿಕೆ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು, ಆ ಹಾಳೆ ಮಾತ್ರ ಕೈಯಿಂದ ಕೈಗೆ ಓಡಾಡುತ್ತಿತ್ತು. ಗ್ರಂಥಾಲಯದಲ್ಲಿ ಜೆರಾಕ್ಸಿನ ಜೆರಾಕ್ಸ್ ಹಿಡಿದು ಕೂತ ಹುಡುಗಿಯನ್ನು ಕಂಡೆ. ಅಕ್ಷರ ಅರ್ಧ ಮಾಸಿತ್ತು, ಮಾಸಿದ ಕಡೆ ಪೆನ್ನಿನಲ್ಲಿ ತಿದ್ದಿಕೊಂಡಿದ್ದಳು. ಅಭ್ಯರ್ಥಿಗೊಂದು ಬಿಡಿ ಹಾಳೆ ಅನ್ನುವ ಯೋಚನೆ ಹುಟ್ಟಿದ್ದು ಅಲ್ಲಿ.

ಪ್ರೆಸ್ಸಿನ ಯಜಮಾನರು ಒಪ್ಪಲಿಲ್ಲ. "ಮೇಷ್ಟ್ರೇ, ಬಿಡಿ ಹಾಳೆ ಅಂದ್ರೆ ಪಾಂಪ್ಲೆಟ್ ಆಗೋಯ್ತು. ಪಾಂಪ್ಲೆಟ್‌ಗೆ ಯಾರಾದ್ರೂ ದುಡ್ಡು ಕೊಡ್ತಾರಾ?" ನಮ್ಮ ಕೆಲಸದಲ್ಲೇ ಇರುವ ಹಿರಿಯರೊಬ್ಬರು, ಒಬ್ಬ ಕೊಂಡರೆ ಹತ್ತು ಜನ ಜೆರಾಕ್ಸ್ ಮಾಡಿಕೊಳ್ಳುತ್ತಾರೆ ಅಂದರು. ಅಮೆರಿಕದ ರಾಜಕೀಯ ತುಮಕೂರಿನಲ್ಲಿ ಯಾರಿಗೆ ಬೇಕು ಅಂದವರೂ ಇದ್ದರು. ಬೇಕು. ನಮ್ಮ ಬೀದಿಯಲ್ಲೇ ಮಕ್ಕಳು ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆ ನಾಲ್ಕಿವೆ. ಎಚ್-1ಬಿ ವೀಸಾ ಬಗ್ಗೆ ಯಾರ ನಿಲುವೇನು ಅಂತ ಪರೀಕ್ಷೆಗೆ ಓದದವರೂ ಕೇಳುತ್ತಿದ್ದರು.

ಜೆರಾಕ್ಸಿಗೆ ನನ್ನ ಉತ್ತರ ಬೆಲೆ. ರಿಸೋ ಅನ್ನುವ ಅಗ್ಗದ ಪ್ರತಿ ತೆಗೆಯುವ ಯಂತ್ರದಲ್ಲಿ ಎರಡೂ ಬದಿ, 70 ಜಿಎಸ್‌ಎಂ ಕಾಗದ ಸೇರಿ, ಹಾಳೆಗೆ ಒಂದೂವರೆ ರೂಪಾಯಿ ಆಸುಪಾಸು ಬಿತ್ತು. ಬಿಡಿ ಹಾಳೆ ನಾಲ್ಕು ರೂಪಾಯಿ, ಎಂಟು ಹಾಳೆಯ ಸೆಟ್ ಇಪ್ಪತ್ತೈದು. ಎರಡು ಬದಿ ಜೆರಾಕ್ಸ್ ಮಾಡಿಸಿದರೂ ಅಷ್ಟೇ ಆಗುತ್ತದೆ, ಮೂಲ ಹಾಳೆಯ ಅಚ್ಚುಕಟ್ಟು ಅದಕ್ಕಿರುವುದಿಲ್ಲ. ಉಪಾಧ್ಯಕ್ಷ ಅಭ್ಯರ್ಥಿಗಳಿಗೆ ಬಣ್ಣದ ಕಾಗದ ಬಳಸಿದೆ. ಯಾವ ಬಣ್ಣದ ಮೇಲೆ ಯಾವ ದಪ್ಪದ ಅಕ್ಷರ ಕೂಡಿಸಿದರೆ ಜೆರಾಕ್ಸ್ ಮಸಿಯಾಗಿ ಬರುತ್ತದೆ ಅನ್ನುವುದನ್ನು ನಾನು ಎರಡು ರೀಮ್ ಹಾಳು ಮಾಡಿ ಕಲಿತೆ. ಅದು ನನ್ನಲ್ಲೇ ಇರಲಿ.

ಇನ್ನು ಬರವಣಿಗೆಯ ವಿಷಯ. ನಾವೆಲ್ಲ ಮಾಡುವುದು ಒಂದೇ ಕೋಷ್ಟಕ: ಎಡಗಡೆ ವಿಷಯ, ಪಕ್ಕದಲ್ಲಿ ಅಭ್ಯರ್ಥಿ ಒಂದು, ಅಭ್ಯರ್ಥಿ ಎರಡು. ಅದನ್ನು ಕೈಬಿಟ್ಟೆ. ಎದುರುಬದುರು ಚೌಕ ಹಾಕಿದ ಕೂಡಲೇ ಎಲ್ಲ ಚೌಕವನ್ನೂ ತುಂಬಲೇಬೇಕು ಅನಿಸುತ್ತದೆ, ಒಬ್ಬರು ಏನೂ ಹೇಳದ ವಿಷಯಕ್ಕೂ ನಾವೇ ಒಂದು ನಿಲುವು ಹುಟ್ಟಿಸಿಬಿಡುತ್ತೇವೆ. ಹಳೆ ಪುಸ್ತಿಕೆಯಲ್ಲಿ ನಾನು ಹಾಗೆ ತುಂಬಿದ ಚೌಕ ಐದಾರು ಇದ್ದವು, ಈಗ ನೆನೆದರೆ ನಾಚಿಕೆಯಾಗುತ್ತದೆ. ಹೊಸ ಹಾಳೆಯಲ್ಲಿ ಒಬ್ಬರೇ ಅಭ್ಯರ್ಥಿ, ಮೂರು ಕಂಬಸಾಲು: ಮೊದಲು ಹೇಳಿದ್ದು, ಈಗ ಹೇಳುವುದು, ಅಧಿಕಾರದಲ್ಲಿದ್ದಾಗ ಮಾಡಿದ್ದು. ಪ್ರತಿ ಸಾಲಿಗೂ ತಿಂಗಳು, ವರ್ಷ. ತಾರೀಕು ಸಿಗದಿದ್ದರೆ ಚೌಕ ಖಾಲಿ.

ಕಮಲಾ ಹ್ಯಾರಿಸ್ ಹಾಳೆಯ ಒಂದು ಸಾಲು ನೋಡಿ. ಬಂಡೆಪದರ ಸೀಳಿ ಅನಿಲ ತೆಗೆಯುವ ಫ್ರ್ಯಾಕಿಂಗ್ ನಿಷೇಧಿಸಬೇಕು ಅಂತ 2019ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದರು. 2024ರ ಆಗಸ್ಟ್ ಸಂದರ್ಶನದಲ್ಲಿ ನಿಷೇಧಿಸುವುದಿಲ್ಲ ಅಂದರು. ಎರಡೂ ನಿಜ, ತಾರೀಕಿಲ್ಲದಿದ್ದರೆ ಎರಡೂ ತಪ್ಪು. ಪೆನ್ಸಿಲ್ವೇನಿಯಾದಲ್ಲಿ ಆ ಅನಿಲವೇ ಅನೇಕರ ಅನ್ನ, ಅಧ್ಯಕ್ಷರನ್ನು ಆರಿಸುವ 538 ಮತಗಳಲ್ಲಿ ಆ ರಾಜ್ಯದ ಕೈಲಿ 19 ಅಂತ ಕೆಳಗೊಂದು ಸಾಲು ಸೇರಿಸಿದೆ. ಶಿರಾದ ಹುಡುಗನೊಬ್ಬ "ಬೋರ್‌ವೆಲ್ ಕೊರ್ಸಿ ನೀರು ಬರ್ದಿದ್ರೆ ಒಳಗಿನ ಬಂಡೆ ಬಿರುಕು ಬಿಡಿಸ್ತಾರಲ್ಲ ಸರ್, ಹಂಗಾ?" ಅಂದ. ಹಾಗೇ. ಮುಂದಿನ ಮುದ್ರಣಕ್ಕೆ ಅವನ ಮಾತನ್ನೇ ವಿವರಣೆಯಾಗಿ ಹಾಕಿದೆ.

ಟ್ರಂಪ್ ಹಾಳೆಯಲ್ಲೂ ಇದೇ ಕ್ರಮ. 2020ರ ಆಗಸ್ಟ್‌ನಲ್ಲಿ ಟಿಕ್‌ಟಾಕ್ ವಿರುದ್ಧ ಆದೇಶ, 2024ರ ಜೂನ್‌ನಲ್ಲಿ ಅದೇ ಟಿಕ್‌ಟಾಕ್‌ನಲ್ಲಿ ಖಾತೆ. 2020ರ ಜೂನ್‌ನಲ್ಲಿ ಹೊಸ ಎಚ್-1ಬಿ ವೀಸಾದವರ ಪ್ರವೇಶಕ್ಕೆ ತಡೆ, 2024ರ ಜೂನ್‌ನಲ್ಲಿ ಅಲ್ಲಿ ಪದವಿ ಮುಗಿಸಿದ ವಿದೇಶಿಯರಿಗೆ ಗ್ರೀನ್ ಕಾರ್ಡ್, ಅಂದರೆ ಅಲ್ಲೇ ನೆಲೆಸುವ ಪರವಾನಗಿ, ಕೊಡಬೇಕೆಂಬ ಮಾತು. ಸುಂಕಕ್ಕೆ ಅರ್ಧ ಬದಿಯನ್ನೇ ಕೊಟ್ಟೆ: ಎಲ್ಲ ದೇಶಗಳ ಆಮದಿನ ಮೇಲೆ ಶೇ. 10ರಿಂದ 20, ಚೀನಾದ್ದಕ್ಕೆ ಶೇ. 60. "ಸುಂಕದವನ ಮುಂದೆ ಸುಖದುಃಖ" ಅನ್ನುವ ಗಾದೆ ನಮ್ಮವರಿಗೆ ಗೊತ್ತಿರುವುದರಿಂದ ಪದ ವಿವರಿಸುವ ಕಷ್ಟ ಬರಲಿಲ್ಲ. ಆ ದುಡ್ಡನ್ನು ಬಂದರಿನಲ್ಲಿ ಮೊದಲು ಕಟ್ಟುವವನು ಆಮದು ಮಾಡಿಕೊಳ್ಳುವ ವ್ಯಾಪಾರಿ, ಮಾರುವ ದೇಶ ಅಲ್ಲ ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಹೇಳಬೇಕಾಯಿತು.

ಇಬ್ಬರೂ ಒಂದೇ ಮಾತು ಹೇಳಿದ ಸಂಗತಿಯೂ ಇದೆ. ಹೋಟೆಲ್ ನೌಕರರ ಟಿಪ್ಸ್ ಮೇಲೆ ತೆರಿಗೆ ಬೇಡ ಅಂತ ಟ್ರಂಪ್ ಜೂನ್‌ನಲ್ಲಿ ಹೋಟೆಲು, ಜೂಜುಕಟ್ಟೆಗಳ ಊರಾದ ಲಾಸ್ ವೇಗಸ್‌ನಲ್ಲಿ ಹೇಳಿದರು, ಹ್ಯಾರಿಸ್ ಆಗಸ್ಟ್‌ನಲ್ಲಿ ಅದೇ ಊರಲ್ಲಿ ಹೇಳಿದರು. ಊರಿನ ಹೆಸರು ಹಾಕಿದರೆ ಕಾರಣ ತಾನಾಗಿ ಕಾಣುತ್ತದೆ. ನಿಲುವಿನ ಪಕ್ಕ ಊರು ಬರೆಯುವುದನ್ನು ಅಲ್ಲಿಂದ ರೂಢಿ ಮಾಡಿಕೊಂಡೆ.

ಹಿನ್ನೆಲೆ ಬರೆಯುವಾಗ ವಿಶೇಷಣ ಒಂದೂ ಇಲ್ಲ. ಹ್ಯಾರಿಸ್ ಭಾರತದಲ್ಲಿ ಹುಟ್ಟಿದವರು ಅಂತ ಬರೆದ ನೋಟ್ಸ್ ಆಗ ಊರೆಲ್ಲ ಇತ್ತು. ಹುಟ್ಟಿದ್ದು 1964ರ ಅಕ್ಟೋಬರ್ 20, ಕ್ಯಾಲಿಫೋರ್ನಿಯಾದ ಓಕ್ಲೆಂಡ್. ತಾಯಿ ಶ್ಯಾಮಲಾ ಗೋಪಾಲನ್ ಇಲ್ಲಿಂದ ಓದಲು ಹೋದವರು, ತಾಯಿಯ ತಂದೆಯ ಮೂಲ ಊರು ತಮಿಳುನಾಡಿನ ತುಳಸೇಂದ್ರಪುರಂ. ಸ್ಯಾನ್ ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿ, ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್, 2017ರಿಂದ ಸೆನೆಟರ್, 2021ರಿಂದ 2025ರವರೆಗೆ ಉಪಾಧ್ಯಕ್ಷೆ. ಟ್ರಂಪ್ 1946ರ ಜೂನ್ 14, ನ್ಯೂಯಾರ್ಕಿನ ಕ್ವೀನ್ಸ್, ವಾರ್ಟನ್ ಪದವಿ, ಕಟ್ಟಡ ವ್ಯವಹಾರ, ಟಿವಿ ಕಾರ್ಯಕ್ರಮ, 2017ರಿಂದ 2021ರವರೆಗೆ ಅಧ್ಯಕ್ಷ. 2024ರ ಮೇ 30ರಂದು ನ್ಯೂಯಾರ್ಕಿನಲ್ಲಿ 34 ಆರೋಪಗಳಲ್ಲಿ ಜ್ಯೂರಿ ತಪ್ಪಿತಸ್ಥರೆಂದು ಹೇಳಿದ್ದನ್ನೂ ಅದೇ ಅಳತೆಯ ಅಕ್ಷರದಲ್ಲಿ ಹಾಕಿದೆ. ಇದನ್ನು ಯಾಕೆ ಹಾಕಿದಿರಿ ಅಂತ ಕೆಲವರು, ಇಷ್ಟು ಚಿಕ್ಕದಾಗಿ ಯಾಕೆ ಹಾಕಿದಿರಿ ಅಂತ ಕೆಲವರು ಜಗಳಕ್ಕೆ ಬಂದರು. ಎರಡೂ ಕಡೆಯಿಂದ ಬೈಗುಳ ಬಂದಾಗ ಹಾಳೆ ಸರಿಯಿದೆ ಅಂತ ಧೈರ್ಯ ಬಂತು. ಪಾವಗಡದ ತೆಲುಗು ಮನೆಮಾತಿನ ಹುಡುಗರು ವ್ಯಾನ್ಸ್ ಹಾಳೆಯನ್ನೇ ಹೆಚ್ಚು ಕೇಳುತ್ತಿದ್ದರು. ಹೆಂಡತಿ ಉಷಾ ಆಂಧ್ರ ಮೂಲದ ದಂಪತಿಯ ಮಗಳು ಅನ್ನುವ ಒಂದು ಸಾಲಿಗಾಗಿ.

ಅನುವಾದದಲ್ಲಿ ಪೆಟ್ಟು ತಿಂದದ್ದು ಒಂದು ಕಡೆ. ಅಮೆರಿಕದ ಅಧ್ಯಕ್ಷರನ್ನು ಕೊನೆಗೆ ಆರಿಸುವ, ರಾಜ್ಯವಾರು ಪ್ರತಿನಿಧಿಗಳ ಕೂಟಕ್ಕೆ ಇಂಗ್ಲಿಷಿನಲ್ಲಿ ಎಲೆಕ್ಟೋರಲ್ ಕಾಲೇಜ್ ಅನ್ನುತ್ತಾರೆ; ಪುಸ್ತಿಕೆಯಲ್ಲಿ ಅದನ್ನು "ಚುನಾವಣಾ ಕಾಲೇಜು" ಅಂತ ಹಾಕಿದ್ದೆ. ಕೊರಟಗೆರೆಯ ಹುಡುಗಿ "ಆ ಕಾಲೇಜು ಯಾವ ಊರಲ್ಲಿದೆ ಸರ್?" ಅಂತ ಕೇಳಿದಳು. ತಪ್ಪು ಅವಳದ್ದಲ್ಲ. "ಮತದಾರ ಮಂಡಲಿ" ಅಂತ ತಿದ್ದಿ, ಒಟ್ಟು 538, ಗೆಲ್ಲಲು 270, ಮೇನ್ ಮತ್ತು ನೆಬ್ರಾಸ್ಕಾ ಬಿಟ್ಟರೆ ರಾಜ್ಯ ಗೆದ್ದವರಿಗೆ ರಾಜ್ಯದ ಎಲ್ಲ ಮತ ಅಂತ ಪ್ರತ್ಯೇಕ ಹಾಳೆ ಮಾಡಿದೆ. ಪಕ್ಕದಲ್ಲಿ ನಮ್ಮ ರಾಷ್ಟ್ರಪತಿ ಚುನಾವಣೆಯನ್ನೂ ಇಟ್ಟೆ: ಕರ್ನಾಟಕದ ಒಬ್ಬ ಶಾಸಕರ ಮತಕ್ಕೆ 131 ಮೌಲ್ಯ, 2022ರಲ್ಲಿ ಸಂಸದರ ಮತಕ್ಕೆ 700. ಎಂಟು ಹಾಳೆಗಳಲ್ಲಿ ಹೆಚ್ಚು ಬಿಕರಿಯಾದದ್ದು ಇದೇ.

ಬಿಡಿ ಹಾಳೆಯ ತಾಕತ್ತು ಗೊತ್ತಾದದ್ದು ಆಗಸ್ಟ್ 6ರಂದು. ಹ್ಯಾರಿಸ್ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಯಾರನ್ನು ಜೊತೆಗೆ ತೆಗೆದುಕೊಳ್ಳುತ್ತಾರೆ ಅಂತ ತಿಳಿಯುವ ಮೊದಲೇ ಶಪಿರೊ, ಮಾರ್ಕ್ ಕೆಲ್ಲಿ, ಟಿಮ್ ವಾಲ್ಜ್, ಬೆಷಿಯರ್ ನಾಲ್ವರದ್ದೂ ಹಾಳೆ ಟೈಪ್ ಮಾಡಿ ಇಟ್ಟಿದ್ದೆ. ಮೂರು ದಂಡ ಅಂತ ಗೊತ್ತಿತ್ತು, ನಿದ್ದೆ ಬಿಟ್ಟು ಮಾಡಿದೆ. ಸಂಜೆ ವಾಲ್ಜ್ ಹೆಸರು ಬಂತು. ನೆಬ್ರಾಸ್ಕಾದಲ್ಲಿ ಹುಟ್ಟಿ, ಮಿನ್ನೆಸೋಟಾದ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿದ ಮೇಷ್ಟ್ರು, ನ್ಯಾಷನಲ್ ಗಾರ್ಡ್‌ನಲ್ಲಿ 24 ವರ್ಷ, ಆಮೇಲೆ ಸಂಸದ, ಗವರ್ನರ್. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಹಾಳೆ ಅಂಗಡಿಯಲ್ಲಿತ್ತು. ಇಡೀ ತುಮಕೂರಿನಲ್ಲಿ ಕನ್ನಡದಲ್ಲಿ ಅಷ್ಟು ಬೇಗ ಕೊಟ್ಟವರು ಇನ್ನೊಬ್ಬರಿಲ್ಲ ಅಂತ ಎದೆ ಮುಟ್ಟಿ ಹೇಳುತ್ತೇನೆ.

ನಡುವೆ ಶ್ರೀಲಂಕಾಕ್ಕೂ ಕೈ ಹಾಕಿದೆ. ಸೆಪ್ಟೆಂಬರ್ 21ರ ಅಧ್ಯಕ್ಷೀಯ ಚುನಾವಣೆಗೆ ಅನುರ ಕುಮಾರ ದಿಸ್ಸನಾಯಕೆ, ಸಜಿತ್ ಪ್ರೇಮದಾಸ, ರನಿಲ್ ವಿಕ್ರಮಸಿಂಘೆ ಮೂವರಿಗೂ ಸೇರಿ ಒಂದೇ ಹಾಳೆ, ಇನ್ನೂರು ಪ್ರತಿ. ಹೋದದ್ದು ಅರವತ್ತು. ಮೂವರನ್ನು ಒಂದೇ ಹಾಳೆಗೆ ತುರುಕಿದ್ದು ನನ್ನದೇ ಪದ್ಧತಿಗೆ ನಾನೇ ಮಾಡಿದ ಮೋಸ. 2019ರಲ್ಲಿ ಶೇ. 3ರಷ್ಟು ಮತ ಪಡೆದಿದ್ದ ಅನುರ ಈ ಸಲ ಶೇ. 42 ಪಡೆದರು, ಯಾರೂ ಅರ್ಧ ದಾಟದ್ದರಿಂದ ಅಲ್ಲಿನ ಚರಿತ್ರೆಯಲ್ಲಿ ಮೊದಲ ಸಲ ಎರಡನೇ ಪ್ರಾಶಸ್ತ್ಯದ ಮತ ಎಣಿಸಬೇಕಾಯಿತು. ನಮ್ಮಲ್ಲಿ 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ ಗೆದ್ದದ್ದೂ ಎರಡನೇ ಪ್ರಾಶಸ್ತ್ಯದಿಂದಲೇ. ಇವೆರಡನ್ನೂ ಜೋಡಿಸಿ ಅನುರ ಒಬ್ಬರದೇ ಹಾಳೆ ಮಾಡಿದ ಮೇಲೆ ನಾನೂರು ಪ್ರತಿ ವಾರದಲ್ಲಿ ಖಾಲಿ.

ನವೆಂಬರ್ 5ರ ಅಮೆರಿಕದ ಮತದಾನ ಮುಗಿದು ಟ್ರಂಪ್ 312, ಹ್ಯಾರಿಸ್ 226 ಅಂತ ಲೆಕ್ಕ ಬರುವ ಹೊತ್ತಿಗೆ ಸಾವಿರದ ಒಂಬೈನೂರು ಸೆಟ್, ಮೂರು ಸಾವಿರದಷ್ಟು ಬಿಡಿ ಹಾಳೆ ಹೋಗಿದ್ದವು. ಸೆಟ್ಟಿಗೆ ಎಂಟು ರೂಪಾಯಿ ಉಳಿದರೆ ಹೆಚ್ಚು. ಒಟ್ಟು ಹದಿನೆಂಟು ಸಾವಿರ ಬಂತು ಅಂದುಕೊಳ್ಳಿ. ಪುಸ್ತಿಕೆಯ ನಷ್ಟ ಕಳೆದು ಅದರ ಅರ್ಧ ಕೈಯಲ್ಲಿ ನಿಂತಿತು. ಅಂಗಡಿಯವರಿಂದ ಮುಂಗಡ ಹೇಗೆ ತೆಗೆದುಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಂಗಡಿಯವರೂ ಓದುತ್ತಾರೆ.

ನಷ್ಟದ ಬಾಬತ್ತಿನಲ್ಲಿ ಉಳಿದದ್ದು ಸ್ವತಂತ್ರ ಅಭ್ಯರ್ಥಿ ರಾಬರ್ಟ್ ಕೆನಡಿ ಜೂನಿಯರ್ ಹಾಳೆ ಒಂದೇ. ಆಗಸ್ಟ್ 23ಕ್ಕೆ ಅವರು ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಸಾರಿದಾಗ ಮುನ್ನೂರು ಪ್ರತಿ ಹೊಸದಾಗಿ ಬಂದು ಕೂತಿದ್ದವು. ನಾನೂರೈವತ್ತು ರೂಪಾಯಿ ಹೋಯಿತು ಅಂತ ಕಟ್ಟಿ ಅಟ್ಟದ ಮೇಲೆ ಹಾಕಿದ್ದೆ. 2025ರ ಫೆಬ್ರವರಿ 13ರಂದು ಅವರು ಅಮೆರಿಕದ ಆರೋಗ್ಯ ಸಚಿವರಾಗಿ ಪ್ರಮಾಣವಚನ ತೆಗೆದುಕೊಂಡರು. ನೂರಿಪ್ಪತ್ತು ರೂಪಾಯಿಗೆ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ: "13-2-2025ರಿಂದ ಆರೋಗ್ಯ ಸಚಿವ". ಅಟ್ಟದಿಂದ ಕಟ್ಟು ಇಳಿಸಿ, ಧೂಳು ಕೊಡವಿ, ಮುನ್ನೂರು ಹಾಳೆಗೂ ಮೇಲ್ಗಡೆ ಬಲಮೂಲೆಯಲ್ಲಿ ನಾನೂ ನನ್ನ ಮಗಳೂ ಕೂತು ಒತ್ತಿದೆವು. ನಾಲ್ಕು ದಿನಕ್ಕೆ ಎಲ್ಲ ಹೋಯಿತು.