ಹದಿಹರೆಯದ ಮಕ್ಕಳೊಂದಿಗೆ ಇಟಲಿಯಲ್ಲಿ ಒಂದು ತಿಂಗಳು: ಮೊದಲ ಪ್ರವಾಸದ ಸಿದ್ಧತೆ

ಇಟಲಿಗೆ ಒಂದು ತಿಂಗಳ ಮಟ್ಟಿಗೆ ಹೊರಡುವವರು ಮೊದಲು ಕೂತು ಬರೆಯುವುದು ನೋಡಬೇಕಾದ ಊರುಗಳ ಪಟ್ಟಿಯನ್ನು. ಮೂವತ್ತು ದಿನ ಕೈಯಲ್ಲಿದೆ ಎಂಬ ಧೈರ್ಯಕ್ಕೆ ಆ ಪಟ್ಟಿ ಹದಿನಾಲ್ಕು ಹದಿನೈದು ಊರುಗಳವರೆಗೆ ಬೆಳೆದುಬಿಡುತ್ತದೆ. ನಾನೂ ಹಾಗೆಯೇ ಬರೆದಿದ್ದೆ. ಹದಿನೈದು ವರ್ಷದ ಮಗಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, "ಅಮ್ಮಾ, ಇದರಲ್ಲಿ ಏನೂ ಮಾಡದ ದಿನ ಯಾವುದು?" ಎಂದು ಕೇಳಿದಳು. ಹುಡುಕಿದರೆ ಅಂಥದ್ದೊಂದು ದಿನವೂ ಇರಲಿಲ್ಲ. ಆ ಹಾಳೆಯನ್ನು ಬದಿಗಿಟ್ಟು ಇಬ್ಬರೂ ಸೇರಿ ಹೊಸದಾಗಿ ಬರೆದೆವು. ಆಗ ನಾವು ಹಿಡಿದ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ: ತಂಗುವ ಊರುಗಳನ್ನು ಕಡಿಮೆ ಮಾಡಿಕೊಳ್ಳಬೇಕು, ಯೋಜನೆಯ ಒಂದು ಭಾಗವನ್ನು ಮಕ್ಕಳ ಕೈಗೆ ನಿಜವಾಗಿಯೂ ಒಪ್ಪಿಸಬೇಕು.

ಒಂದು ತಿಂಗಳಿಗೆ ತಂಗುವ ಊರುಗಳು ಐದಾರು ಸಾಕು. ಊರು ಬದಲಿಸುವ ಪ್ರತಿ ದಿನವೂ ಬೆಳಿಗ್ಗೆ ಮನೆ ಖಾಲಿ ಮಾಡುವುದು, ಲಗೇಜು ಎಳೆದುಕೊಂಡು ನಿಲ್ದಾಣಕ್ಕೆ ಹೋಗುವುದು, ಹೊಸ ಮನೆಯ ಬಾಗಿಲು ತೆರೆಯುವ ಮಧ್ಯಾಹ್ನದವರೆಗೆ ಕಾಯುವುದು ಎಂದು ಮುಕ್ಕಾಲು ದಿನ ಕಳೆದುಹೋಗುತ್ತದೆ. ಹದಿಹರೆಯದವರಿಗೆ ತಡವಾಗಿ ಏಳುವುದು ಸೋಮಾರಿತನವಲ್ಲ, ಆ ವಯಸ್ಸಿನ ದೇಹದ ನಿದ್ದೆಯೇ ಹಾಗೆ. ಆದ್ದರಿಂದ ದಿನಕ್ಕೆ ಒಂದೇ ದೊಡ್ಡ ಸ್ಥಳವನ್ನು ಇಟ್ಟುಕೊಂಡು, ಉಳಿದ ಹೊತ್ತನ್ನು ಬೀದಿ, ಚೌಕ, ಐಸ್‌ಕ್ರೀಮು, ಸುಮ್ಮನೆ ಕೂರುವುದು ಇವುಗಳಿಗೆ ಬಿಟ್ಟರೆ ನಾಲ್ಕನೆಯ ವಾರದಲ್ಲಿಯೂ ಮನೆಯವರೆಲ್ಲ ಮಾತನಾಡಿಕೊಳ್ಳುವ ಸ್ಥಿತಿಯಲ್ಲಿರುತ್ತಾರೆ.

ಮೊದಲ ಸಲ ಹೋಗುವವರಿಗೆ ನಾನು ಸೂಚಿಸುವ ದಾರಿ ಉತ್ತರದಿಂದ ದಕ್ಷಿಣಕ್ಕೆ ಇಳಿಯುವುದು. ಮಿಲಾನಿನಲ್ಲಿ ವಿಮಾನ ಇಳಿದು ಅಲ್ಲಿ ಎರಡು ರಾತ್ರಿ, ವೆನಿಸಿನಲ್ಲಿ ಮೂರು, ಬೊಲೊನ್ಯಾದಲ್ಲಿ ಏಳು, ಫ್ಲಾರೆನ್ಸಿನಲ್ಲಿ ಐದು, ನೇಪಲ್ಸಿನಲ್ಲಿ ಆರು, ಕೊನೆಗೆ ಸ್ವಲ್ಪ ಉತ್ತರಕ್ಕೆ ಮರಳಿ ರೋಮಿನಲ್ಲಿ ಏಳು ರಾತ್ರಿ ಕಳೆದು ಅಲ್ಲಿಂದಲೇ ಹಿಂದಿರುಗುವುದು. ವಿಮಾನದ ಟಿಕೆಟ್ ಕೊಳ್ಳುವಾಗ ಹೋಗುವ ಊರು ಒಂದು, ಮರಳುವ ಊರು ಇನ್ನೊಂದು ಎಂದು ಒಟ್ಟಿಗೇ ಹುಡುಕಿದರೆ, ಇಳಿದ ಊರಿಗೆ ಮತ್ತೆ ಹೋಗುವ ಒಂದು ದಿನ ಉಳಿಯುತ್ತದೆ. ಬೊಲೊನ್ಯಾಕ್ಕೆ ಏಳು ರಾತ್ರಿ ಏಕೆಂದು ಹಲವರು ಕೇಳುತ್ತಾರೆ. ಅದು ಪ್ರವಾಸಿಗರಿಗಿಂತ ವಿದ್ಯಾರ್ಥಿಗಳು ಹೆಚ್ಚು ಕಾಣುವ ಊರು. ಅಲ್ಲಿನ ವಿಶ್ವವಿದ್ಯಾಲಯದ ಆರಂಭವನ್ನು 1088ಕ್ಕೆ ಗುರುತಿಸುತ್ತಾರೆ. ಸಂಜೆಯ ಬೀದಿಗಳಲ್ಲಿ ತನಗಿಂತ ನಾಲ್ಕೈದು ವರ್ಷ ದೊಡ್ಡವರನ್ನು ನೋಡುವುದೇ ಹದಿಹರೆಯದವರಿಗೆ ಒಂದು ಸಂಭ್ರಮ. ಜೊತೆಗೆ ಮೊದೆನಾ, ಫೆರಾರಾ, ಪಾರ್ಮಾ, ರವೆನ್ನಾ ಇವೆಲ್ಲ ಅಲ್ಲಿಂದ ಪ್ರಾದೇಶಿಕ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ದೂರದಲ್ಲಿವೆ. ಕಾರುಗಳ ಹುಚ್ಚಿರುವ ಮಕ್ಕಳಿಗೆ ಮೊದೆನಾದ ಪಕ್ಕದ ಮರನೆಲ್ಲೊದಲ್ಲಿ ಫೆರಾರಿ ಸಂಗ್ರಹಾಲಯವಿದೆ. ರವೆನ್ನಾದ ಸಾನ್ ವಿತಾಲೆ ಚರ್ಚಿನಲ್ಲಿ ಆರನೆಯ ಶತಮಾನದ ಮೊಸಾಯಿಕ್ ಚಿತ್ರಗಳು ಇಂದಿಗೂ ಹೊಳೆಯುತ್ತಿವೆ.

ಬೊಲೊನ್ಯಾದ ಕಮಾನು ಚಾವಣಿಯ ಕಾಲುದಾರಿಗಳು 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳಲ್ಲಿ ಒಂದು, ಊರಿನ ಅಂಚಿನಿಂದ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚಿನವರೆಗೆ 666 ಕಮಾನುಗಳಷ್ಟು ಉದ್ದಕ್ಕೆ ಏರುತ್ತದೆ. ಚರ್ಚುಗಳೆಂದರೆ ಮುಖ ತಿರುಗಿಸುತ್ತಿದ್ದ ಮಗಳು ಅಲ್ಲಿ ಫೋನನ್ನು ಜೇಬಿಗೆ ಹಾಕಿ ಮುಂದೆ ಮುಂದೆ ನಡೆದಳು. ಏರು ಶುರುವಾಗುವ ಮೆಲೊಂಚೆಲ್ಲೊ ಕಮಾನಿನ ಬಳಿ ನಿಂತು ನನಗಾಗಿ ಕಾದಳು. ಒಂದೊಂದು ಕಂಬದ ನೆರಳು ದಾರಿಯ ಮೇಲೆ ಅಡ್ಡಲಾಗಿ ಬಿದ್ದಿತ್ತು; ಅವಳು ನೆರಳಿನಿಂದ ನೆರಳಿಗೆ ಕಾಲಿಡುತ್ತ ಎಣಿಸುತ್ತಿದ್ದಳು. ಈ ವಯಸ್ಸಿನವರಿಗೆ ನಿಂತು ನೋಡುವುದಕ್ಕಿಂತ ಏರುವುದು, ನಡೆಯುವುದು, ಕೈಯಿಂದ ಏನಾದರೂ ಮಾಡುವುದು ಹಿಡಿಸುತ್ತದೆ ಎಂಬುದನ್ನು ಅಂದು ಕಂಡುಕೊಂಡು ಉಳಿದ ಯೋಜನೆಯನ್ನು ತಿದ್ದಿಕೊಂಡೆ. ಫ್ಲಾರೆನ್ಸಿನ ಮುಖ್ಯ ಚರ್ಚಿಗೆ ಬ್ರುನೆಲೆಸ್ಕಿ ಕಟ್ಟಿದ ಗುಮ್ಮಟದ 463 ಮೆಟ್ಟಿಲು, ನೇಪಲ್ಸಿನ ಬಳಿ 1,281 ಮೀಟರ್ ಎತ್ತರದ ಜ್ವಾಲಾಮುಖಿ ವೆಸೂವಿಯಸ್‌ನ ಬಾಯಿಯವರೆಗಿನ ನಡಿಗೆ, ಪಾಸ್ತಾ ಲಟ್ಟಿಸಲು ಕಲಿಸುವ ಅರ್ಧ ದಿನದ ತರಗತಿ ಇಂಥವನ್ನು ವಾರಕ್ಕೆ ಎರಡಾದರೂ ಸೇರಿಸಿಕೊಳ್ಳಿ. ಗುಮ್ಮಟಕ್ಕೂ ವೆಸೂವಿಯಸ್‌ಗೂ ಸಮಯ ನಿಗದಿಯಾದ ಟಿಕೆಟ್ಟನ್ನು ಮುಂಚೆಯೇ ಕೊಳ್ಳಬೇಕು. ಗುಮ್ಮಟಕ್ಕೆ ಲಿಫ್ಟ್ ಇಲ್ಲ.

ಕಾಲದ ಆಯ್ಕೆ ಶಾಲೆಯ ರಜೆಯ ಮೇಲೆ ನಿಲ್ಲುವುದರಿಂದ ಹೆಚ್ಚು ಹೇಳುವುದಿಲ್ಲ. ಆಯ್ಕೆ ಇದ್ದರೆ ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗಿನ ಅವಧಿ ಒಳ್ಳೆಯದು. ಜುಲೈ, ಆಗಸ್ಟಿನಲ್ಲಿ ರೋಮ್, ಫ್ಲಾರೆನ್ಸ್‌ಗಳಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಸಾಮಾನ್ಯ. ಆಗಸ್ಟ್ 15ರ ಫೆರಗೊಸ್ತೊ ಹಬ್ಬದ ಸುತ್ತಮುತ್ತ ಇಟಲಿಯವರೇ ಕಡಲತೀರಕ್ಕೆ ಹೋಗುವುದರಿಂದ ಊರೊಳಗಿನ ಎಷ್ಟೋ ಸಣ್ಣ ಅಂಗಡಿ, ಹೋಟೆಲುಗಳು ಬಾಗಿಲು ಹಾಕಿರುತ್ತವೆ. ಏಪ್ರಿಲ್ 25, ಮೇ 1, ಜೂನ್ 2 ರಾಷ್ಟ್ರೀಯ ರಜೆಗಳು. ಆ ದಿನಗಳಲ್ಲಿ ಊರು ಬದಲಿಸದಿರುವುದು ಲೇಸು.

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ಆದರೆ ತೀರ್ಮಾನಕ್ಕೆ ಕೆಲವೊಮ್ಮೆ 45 ದಿನ ಹಿಡಿಯಬಹುದಾದ್ದರಿಂದ ಮೂರು ತಿಂಗಳ ಮೊದಲೇ ಅರ್ಜಿ ಹಾಕುವುದು ಸುರಕ್ಷಿತ. ಪಾಸ್‌ಪೋರ್ಟು ಕಳೆದ ಹತ್ತು ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು ಮತ್ತು ಹಿಂದಿರುಗುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವಂಥದ್ದಾಗಿರಬೇಕು. ಹನ್ನೆರಡು ತುಂಬಿದ ಮಕ್ಕಳಿಗೂ ದೊಡ್ಡವರಷ್ಟೇ ಶುಲ್ಕ, ಬೆರಳಚ್ಚನ್ನೂ ಕೊಡಬೇಕು. ತಂದೆ ಅಥವಾ ತಾಯಿ ಒಬ್ಬರೇ ಜೊತೆಗೆ ಹೋಗುವುದಾದರೆ ಇನ್ನೊಬ್ಬರ ಲಿಖಿತ, ನೋಟರಿ ಮಾಡಿಸಿದ ಒಪ್ಪಿಗೆ ಪತ್ರವನ್ನು ಅರ್ಜಿಯ ಜೊತೆ ಲಗತ್ತಿಸಿ, ಅದರ ಇನ್ನೊಂದು ಪ್ರತಿಯನ್ನು ಪ್ರಯಾಣದುದ್ದಕ್ಕೂ ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಹೊಸ ಪ್ರವೇಶ ನೋಂದಣಿ ವ್ಯವಸ್ಥೆ ಆರಂಭವಾಗಿದ್ದು, ಮುಖದ ಚಿತ್ರವನ್ನು ಅಲ್ಲಿ ದಾಖಲಿಸುತ್ತಾರೆ. ಹಾಗಾಗಿ ಮಿಲಾನಿನಲ್ಲಿ ಇಳಿದ ಕೂಡಲೇ ಹಿಡಿಯಬೇಕಾದ ರೈಲಿಗೆ ಟಿಕೆಟ್ ಕೊಳ್ಳಬೇಡಿ.

ಟಿಕೆಟ್‌ಗಳ ವಿಷಯದಲ್ಲಿ ಇಟಲಿ ಮಕ್ಕಳಿಗೆ ಬಹಳ ಉದಾರವಾಗಿದೆ. ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿಯೂ ಪುರಾತತ್ವ ತಾಣಗಳಲ್ಲಿಯೂ ಹದಿನೆಂಟು ತುಂಬದ ಎಲ್ಲರಿಗೂ, ಯಾವ ದೇಶದವರಾದರೂ, ಪ್ರವೇಶ ಉಚಿತ. ರೋಮಿನ ಕೊಲೊಸಿಯಂ, ಫ್ಲಾರೆನ್ಸಿನ ಉಫೀತ್ಸಿ ಚಿತ್ರಶಾಲೆ, ನೇಪಲ್ಸಿನ ಬಳಿಯ ಪ್ರಾಚೀನ ಊರು ಪೊಂಪೇಯಿ ಎಲ್ಲವೂ ಇದರಲ್ಲಿ ಸೇರಿವೆ. ಆದರೆ ಉಚಿತ ಎಂದರೆ ಟಿಕೆಟ್ ಬೇಡ ಎಂದಲ್ಲ. ಮಗುವಿನ ಹೆಸರಿನಲ್ಲಿಯೂ ಶೂನ್ಯ ಬೆಲೆಯ ಟಿಕೆಟ್ ಬುಕ್ ಮಾಡಿರಬೇಕು, ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಬೇಕು. ಕೊಲೊಸಿಯಂ ಟಿಕೆಟ್‌ಗಳು ಭೇಟಿಗೆ 30 ದಿನ ಮೊದಲು ಬಿಡುಗಡೆಯಾಗುತ್ತವೆ. ಪೊಂಪೇಯಿಗೆ 2024ರ ನವೆಂಬರಿನಿಂದ ದಿನಕ್ಕೆ 20,000 ಜನರ ಮಿತಿಯಿದೆ. ಮಿಲಾನಿನಲ್ಲಿ ಲಿಯೊನಾರ್ಡೊ ಬರೆದ ಕೊನೆಯ ಭೋಜನದ ಭಿತ್ತಿಚಿತ್ರವನ್ನು ನೋಡಲು ಹದಿನೈದೇ ನಿಮಿಷ ಬಿಡುತ್ತಾರೆ, ಅದರ ಟಿಕೆಟ್‌ಗಳು ಕೆಲವು ತಿಂಗಳ ಮೊದಲೇ ಮುಗಿದುಹೋಗುತ್ತವೆ. ರೋಮಿನ ಬೊರ್ಗೇಸೆ ಗ್ಯಾಲರಿಗೂ ಎರಡು ಗಂಟೆಯ ಅವಧಿಯನ್ನು ಮುಂಗಡವಾಗಿ ಕಾಯ್ದಿರಿಸಬೇಕು. ವ್ಯಾಟಿಕನ್ ಬೇರೆಯೇ ದೇಶವಾದ್ದರಿಂದ ಅಲ್ಲಿ ಮಕ್ಕಳಿಗೆ ರಿಯಾಯಿತಿ ಮಾತ್ರ. ಉಫೀತ್ಸಿಗೆ ಸೋಮವಾರ, ನೇಪಲ್ಸಿನ ಪುರಾತತ್ವ ಸಂಗ್ರಹಾಲಯಕ್ಕೆ ಮಂಗಳವಾರ ರಜೆ. ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ತಾಣಗಳು ಎಲ್ಲರಿಗೂ ಉಚಿತ, ಆದರೆ ಅದಕ್ಕೆ ಆಸೆಪಡಬೇಡಿ. ಆ ದಿನದ ಜನಜಂಗುಳಿಯಲ್ಲಿ ಮಕ್ಕಳ ಸಹನೆ ಬೇಗ ಬತ್ತುತ್ತದೆ. ಚರ್ಚುಗಳಿಗೆ ಹೋಗುವಾಗ ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಲಿ, ತೆಳುವಾದ ದುಪಟ್ಟಾ ಒಂದು ಚೀಲದಲ್ಲಿದ್ದರೆ ಸಾಕು.

ಮಕ್ಕಳ ಕೈಗೆ ಯೋಜನೆಯನ್ನು ಒಪ್ಪಿಸುವುದೆಂದರೆ, "ನಿನಗೇನು ಇಷ್ಟ ಹೇಳು" ಎಂದು ಕೇಳಿ ಸುಮ್ಮನಾಗುವುದಲ್ಲ. ಒಂದು ಊರು, ಅಲ್ಲಿನ ದಿನಗಳು, ದಿನದ ಖರ್ಚಿಗೆ ಇಷ್ಟು ಯೂರೋ ಎಂದು ಬರೆದು ಕೊಟ್ಟು, ಅಲ್ಲಿ ಏನು ನೋಡಬೇಕು, ಎಲ್ಲಿ ಉಣ್ಣಬೇಕು, ಯಾವ ರೈಲು ಹಿಡಿಯಬೇಕು ಎಂಬುದನ್ನು ಅವರೇ ತೀರ್ಮಾನಿಸಲು ಬಿಡಬೇಕು. ನಮ್ಮ ಮನೆಯಲ್ಲಿ ಅದು ನೇಪಲ್ಸ್ ಆಯಿತು. ಪೊಂಪೇಯಿಗೆ ಹೋಗುವ ಮೊದಲು ನೇಪಲ್ಸಿನ ಸಂಗ್ರಹಾಲಯವನ್ನು ನೋಡಬೇಕೆಂಬುದು ಅವಳದೇ ತೀರ್ಮಾನ. ಕ್ರಿ.ಶ. 79ರಲ್ಲಿ ಬೂದಿಯಡಿ ಹುದುಗಿದ ಮನೆಗಳ ಗೋಡೆಚಿತ್ರಗಳೂ ಪಾತ್ರೆಗಳೂ ಅಲ್ಲಿರುವುದರಿಂದ, ಮರುದಿನ ಖಾಲಿ ಗೋಡೆಗಳ ನಡುವೆ ನಡೆಯುವಾಗ ಅವಳಿಗೆ ಅಲ್ಲಿ ಏನಿತ್ತೆಂಬುದು ಗೊತ್ತಿತ್ತು. ನೇಪಲ್ಸಿನಿಂದ ಸೊರೆಂತೊ ಕಡೆಗೆ ಹೋಗುವ ಚಿರ್ಕುಮ್‌ವೆಸೂವಿಯಾನಾ ರೈಲಿನಲ್ಲಿ ಪೊಂಪೇಯಿ ಸ್ಕಾವಿ ಎಂಬ ನಿಲ್ದಾಣದಲ್ಲಿ ಇಳಿದರೆ ತಾಣದ ಬಾಗಿಲು ಎದುರಿಗೇ ಸಿಗುತ್ತದೆ. ಆ ದಿನ ಟೋಪಿ, ನೀರು, ಗಟ್ಟಿಯಾದ ಷೂ ಮರೆಯಬಾರದು, ಒಳಗೆ ನೆರಳು ಬಹಳ ಕಡಿಮೆ.

ಊರಿಂದೂರಿಗೆ ರೈಲೇ ಸರಿ. ಕಾರು ಬಾಡಿಗೆಗೆ ಪಡೆದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕಾಗುತ್ತದೆ, ಹಳೆಯ ಊರುಗಳ ನಡುಭಾಗದ ನಿರ್ಬಂಧಿತ ವಲಯವನ್ನು ತಿಳಿಯದೆ ಹೊಕ್ಕರೆ ಕ್ಯಾಮೆರಾ ನೋಡಿಕೊಂಡು ದಂಡ ಹಾಕುತ್ತದೆ. ವೇಗದ ರೈಲುಗಳನ್ನು ಸರ್ಕಾರಿ ಒಡೆತನದ ತ್ರೆನಿತಾಲಿಯಾ ಮತ್ತು ಖಾಸಗಿ ಇತಾಲೊ ಎರಡೂ ಓಡಿಸುತ್ತವೆ. ಬೊಲೊನ್ಯಾದಿಂದ ಫ್ಲಾರೆನ್ಸಿಗೆ ಮುಕ್ಕಾಲು ಗಂಟೆಯೂ ಬೇಡ, ನೇಪಲ್ಸಿನಿಂದ ರೋಮಿಗೆ ಸುಮಾರು ಒಂದು ಗಂಟೆ ಹತ್ತು ನಿಮಿಷ. ಇವುಗಳ ದರ ದಿನ ಹತ್ತಿರವಾದಂತೆ ಏರುವುದರಿಂದ ತಾರೀಖು ಗೊತ್ತಾದ ಕೂಡಲೇ ಕೊಳ್ಳಿ. ಪ್ರಾದೇಶಿಕ ರೈಲಿನ ದರ ಮಾತ್ರ ಎಂದಿಗೂ ಒಂದೇ, ಆ ದಿನವೇ ಕೊಂಡರೂ ನಷ್ಟವಿಲ್ಲ. ಆದರೆ ಅದರ ಕಾಗದದ ಟಿಕೆಟ್ಟನ್ನು ಹತ್ತುವ ಮೊದಲು ಪ್ಲಾಟ್‌ಫಾರಂ ಬಳಿಯ ಸಣ್ಣ ಯಂತ್ರದ ಸೀಳಿನೊಳಗೆ ತೂರಿಸಬೇಕು. ಟಕ್ಕೆಂದು ಸದ್ದಾಗಿ, ಟಿಕೆಟ್ಟಿನ ಅಂಚಿನಲ್ಲಿ ಮಸುಕಾದ ಅಕ್ಷರದಲ್ಲಿ ದಿನ ಮತ್ತು ಗಂಟೆ ಮೂಡುತ್ತದೆ. ಆ ಅಚ್ಚು ಇಲ್ಲದಿದ್ದರೆ ಹಣ ಕೊಟ್ಟು ಕೊಂಡ ಟಿಕೆಟ್ಟಿಗೂ ದಂಡ ತೆರಬೇಕಾಗುತ್ತದೆ. ಮೊಬೈಲಿನಲ್ಲಿ ಕೊಂಡರೆ ಹತ್ತುವ ಮುನ್ನ ಅಲ್ಲಿಯೇ ಚೆಕ್‌ಇನ್ ಒತ್ತಬೇಕು. ಈ ಕೆಲಸವನ್ನು ಮಕ್ಕಳಿಗೇ ವಹಿಸಿದರೆ ಅವರು ಒಮ್ಮೆಯೂ ಮರೆಯುವುದಿಲ್ಲ.

ಬಾಡಿಗೆ ಮನೆಗಳ ಜಾಹೀರಾತಿನಲ್ಲಿ 2025ರ ಜನವರಿಯಿಂದ ರಾಷ್ಟ್ರೀಯ ಗುರುತು ಸಂಖ್ಯೆ ಕಡ್ಡಾಯವಾಗಿದೆ. ಅದು ಕಾಣದ ಮನೆಯನ್ನು ಬಿಟ್ಟುಬಿಡಿ. ಬಟ್ಟೆ ಒಗೆಯುವ ಯಂತ್ರವಿದೆಯೇ, ಲಿಫ್ಟ್ ಇದೆಯೇ, ಹದಿಹರೆಯದವರಿಗೆ ಬಾಗಿಲು ಮುಚ್ಚಿಕೊಳ್ಳಬಹುದಾದ ಪ್ರತ್ಯೇಕ ಕೋಣೆಯಿದೆಯೇ ಎಂಬ ಮೂರನ್ನು ಮೊದಲೇ ಕೇಳಿ. ಮೂರನೆಯದಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ಚಿಂತೆಯಿಲ್ಲ. ತಲೆಗೆ, ರಾತ್ರಿಗೆ ಇಷ್ಟೆಂದು ಊರಿನ ತೆರಿಗೆಯನ್ನು ಸಾಮಾನ್ಯವಾಗಿ ಅಲ್ಲಿಯೇ ಪ್ರತ್ಯೇಕವಾಗಿ ಕೊಡಬೇಕು. ವೆನಿಸಿನಲ್ಲಿ ವಸಂತ ಮತ್ತು ಬೇಸಿಗೆಯ ಕೆಲವು ದಿನಗಳಲ್ಲಿ ಹಗಲಷ್ಟೇ ಬಂದುಹೋಗುವವರಿಗೆ ಪ್ರವೇಶ ಶುಲ್ಕವಿದೆ. ರಾತ್ರಿ ತಂಗುವವರಿಗೆ ಅದಿಲ್ಲ, ಆದರೆ ವಿನಾಯಿತಿಯನ್ನು ಆನ್‌ಲೈನಿನಲ್ಲಿ ನೋಂದಾಯಿಸಿಕೊಳ್ಳಬೇಕು. ಅಲ್ಲಿ ಸೇತುವೆಗಳೆಲ್ಲ ಮೆಟ್ಟಿಲು, ಆದ್ದರಿಂದ ಪ್ರತಿಯೊಬ್ಬರೂ ತಾವೇ ಎತ್ತಬಲ್ಲಷ್ಟು ಲಗೇಜು ಮಾತ್ರ ಇರಲಿ.

ಊಟದ ಹೊತ್ತು ಸ್ವಲ್ಪ ಅಭ್ಯಾಸವಾಗಬೇಕು: ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿ ಏಳೂವರೆಯ ನಂತರ. ನಡುವೆ ಹಸಿದ ಮಕ್ಕಳಿಗೆ ತುಂಡಾಗಿ ಮಾರುವ ಪಿಜ್ಜಾ, ಫೊಕಾಚಾ ಸಿಗುತ್ತದೆ. ಸಸ್ಯಾಹಾರಿಗಳಿಗೆ ಇಟಲಿ ಕಷ್ಟದ ದೇಶವಲ್ಲ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ ಅಷ್ಟೇ. ಬೆಳ್ಳುಳ್ಳಿ ಎಣ್ಣೆಯ ಆಲ್ಯೊ ಎ ಓಲ್ಯೊ ಪಾಸ್ತಾ ಎಲ್ಲಿಯೂ ಮಾಡಿಕೊಡುತ್ತಾರೆ. ಆದರೆ ರಿಸೊತ್ತೊ ಎಂಬ ಅನ್ನದ ಖಾದ್ಯವನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ, ಅಚ್ಚೂಗೆ ಎಂದರೆ ಸಣ್ಣ ಮೀನು. ಸಸ್ಯಾಹಾರವನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಕೇಳಿಯೇ ತಿನ್ನಬೇಕು. ಬಿಲ್ಲಿನಲ್ಲಿ ಕೊಪೆರ್ತೊ ಎಂದು ತಲೆಗೆ ಒಂದೆರಡು ಯೂರೋ ಸೇರಿದ್ದರೆ ಅದು ಮೋಸವಲ್ಲ, ಕೂರುವುದಕ್ಕೆ ತೆರುವ ಶುಲ್ಕ. ರೋಮಿನ ಬೀದಿಯ ನಸೋನಿ ನಲ್ಲಿಗಳ ನೀರು ಕುಡಿಯಲು ಯೋಗ್ಯ, ಬಾಟಲಿ ಜೊತೆಗಿರಲಿ.

ಮಕ್ಕಳನ್ನು ಒಂಟಿಯಾಗಿ ಸುತ್ತಾಡಲು ಬಿಡುವ ಮಾತು ಬಂದೇ ಬರುತ್ತದೆ. ಮೊದಲ ವಾರ ಬೇಡ. ಎರಡನೆಯ ವಾರದಿಂದ ಹಗಲಿನಲ್ಲಿ, ಗೊತ್ತಾದ ಒಂದು ಚೌಕದಿಂದ ಇನ್ನೊಂದರವರೆಗೆ, ಒಂದು ಗಂಟೆಯ ಮಟ್ಟಿಗೆ ಬಿಡಬಹುದು. ಅವರ ಫೋನಿನಲ್ಲಿ ಸ್ವಂತ ಸಿಮ್ ಇರಬೇಕು, ಮನೆಯ ವಿಳಾಸ ಕಾಗದದ ಮೇಲೂ ಇರಬೇಕು, ತುರ್ತಿಗೆ 112 ಎಂಬುದು ಬಾಯಿಪಾಠವಾಗಿರಬೇಕು. ಭಯಪಡಬೇಕಾದದ್ದು ಹೆಚ್ಚಾಗಿ ಜೇಬುಗಳ್ಳರಿಗೆ. ರೋಮಿನ ತೆರ್ಮಿನಿ ನಿಲ್ದಾಣದಲ್ಲಿಯೂ ತುಂಬಿದ ಬಸ್ಸುಗಳಲ್ಲಿಯೂ ಫೋನು ಹಿಂದಿನ ಜೇಬಿನಲ್ಲಿರಬಾರದು. ಬೀದಿಯಲ್ಲಿ ಹಾಸಿಟ್ಟ ನಕಲಿ ಬ್ರ್ಯಾಂಡಿನ ಚೀಲಗಳನ್ನು ಕೊಂಡವರಿಗೂ ದಂಡವಿದೆ ಎಂದು ಮೊದಲೇ ಹೇಳಿಡಿ.

ಇಟಲಿಯಲ್ಲಿ ರೈಲು, ಬಸ್ಸುಗಳ ಮುಷ್ಕರ ಅಪರೂಪವಲ್ಲ. ಮುಷ್ಕರಕ್ಕೆ ಅಲ್ಲಿ ಬಳಸುವ ಷೊಪೆರೊ ಎಂಬ ಪದವನ್ನು ನೆನಪಿಟ್ಟುಕೊಂಡು ಪ್ರತಿ ವಾರಾರಂಭದಲ್ಲಿ ಮುಂದಿನ ದಿನಗಳ ಪ್ರಕಟಣೆಯನ್ನು ನೋಡಿ, ಮುಷ್ಕರಗಳನ್ನು ಮುಂಚಿತವಾಗಿಯೇ ಘೋಷಿಸುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತರವರೆಗೆ ಕೆಲವು ಪ್ರಾದೇಶಿಕ ರೈಲುಗಳು ಮುಷ್ಕರವಿದ್ದರೂ ಓಡುತ್ತವೆ. ಕೊನೆಯ ವಾರವನ್ನು ರೋಮಿನಲ್ಲಿಯೇ ಕಳೆಯಿರಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ: ವಿಮಾನದ ದಿನ ಎಲ್ಲಿ ಏನು ನಿಂತರೂ ಟ್ಯಾಕ್ಸಿಯಲ್ಲಿ ತಲುಪುವಷ್ಟು ಹತ್ತಿರದಲ್ಲಿರುತ್ತೀರಿ. ಆ ವಾರದ ಕೊನೆಯ ಎರಡು ದಿನಗಳಿಗೆ ಯಾವ ಟಿಕೆಟ್ಟನ್ನೂ ಕೊಳ್ಳಬೇಡಿ. ಇಷ್ಟವಾದ ಯಾವುದಾದರೊಂದು ಜಾಗಕ್ಕೆ ಮತ್ತೆ ಹೋಗಬೇಕೆಂದು ಮಕ್ಕಳು ಕೇಳುತ್ತಾರೆ, ಅದಕ್ಕೆ ಆ ಎರಡು ದಿನ ಬೇಕಾಗುತ್ತದೆ.